ಸಕ್ಕರೆ ಹಾಕದ ಚಹಾ

ಬೈಲಹೊಂಗಲದ ನರ್ಸಿಂಗ್ ಕಾಲೇಜೊಂದರಲ್ಲಿ ಸಿದ್ಧಾರೂಢ ಸರ್ ವಾರಕ್ಕೊಮ್ಮೆ ಹೆಂಗಸಾಗುತ್ತಾರೆ. ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿಯನ್ನು ಹೇಗೆ ಹೇಳಬೇಕೆಂದು ಕಲಿಸುವ ಪಾಠ ಅದು. ದೊಡ್ಡ ಊರುಗಳಲ್ಲಿ ಇದಕ್ಕೆ ನಟರನ್ನೇ ಕರೆಸುತ್ತಾರಂತೆ. ಇಲ್ಲಿರುವುದು ಒಂದು ರಬ್ಬರಿನ ಬೊಂಬೆ, ಮತ್ತೆ ಸರ್. ಬೊಂಬೆ ಮಾತಾಡುವುದಿಲ್ಲ. ಹೀಗಾಗಿ ಸರ್ ಮೀಸೆ ಇದ್ದಂತೆಯೇ ಸೆರಗು ಹೊದ್ದು, ರೋಗಿಯ ಹೆಂಡತಿ ಕೆಂಚವ್ವನಾಗಿ ಕೂಡುತ್ತಾರೆ.

ಅವತ್ತು ಮನೋಳಿಯ ಪ್ರಜ್ಞಾಳ ಪಾಳಿ. ಹುಡುಗಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತಳು, ಕಲಿಸಿದಂತೆಯೇ.

"ಬರ್ರಿ ತಂಗಿ, ಮದ್ಲ ಒಂದ್ ಕಪ್ ಚಾ ಕುಡೀರಿ," ಎಂದಳು ಕೆಂಚವ್ವ, ಪಾತ್ರದಲ್ಲಿ ಮುಳುಗಿ.

"ಒಲ್ಲೆನ್ರಿ ಯವ್ವಾ."

ಹಿಂದಿನ ಬೆಂಚಿನಲ್ಲಿ ನಗೆ ಎದ್ದಿತು. "ಮುಗೀತ್ರಿ ಸರ್! ಚಾ ಒಲ್ಲೆ ಅಂದಮ್ಯಾಲ ಇನ್ನೇನ ಹೇಳೂದೈತ್ರಿ? ಕೆಂಚವ್ವ ಅಳಾಕ ಚಾಲೂ ಮಾಡಬೇಕಿತ್ತು!"

ಮಾತು ಸುಳ್ಳಲ್ಲ. ಸಾವಿನ ಸುದ್ದಿ ತಂದವರು ಆ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ. ಸರ್ ಸೆರಗಿನಿಂದ ಬೆವರು ಒರೆಸಿಕೊಂಡು ಪಾಠಕ್ಕೆ ಹೊಸದೊಂದು ಮಾತು ಸೇರಿಸಿದರು: ಕೊಟ್ಟ ಚಹಾ ಕುಡಿಯಿರಿ. ಹಳೆಯದು ಇದ್ದೇ ಇತ್ತು: 'ಏನೂ ಆಗೂದಿಲ್ಲ' ಎಂದು ಮಾತ್ರ ಹೇಳಬೇಡಿ, ಹೇಳಿದರೆ ಸೊನ್ನೆ.

ಎರಡನ್ನೂ ಗಟ್ಟಿ ಮಾಡಿಕೊಂಡು ಸರ್ ಸಂಜೆಯ ಬಸ್ಸಿಗೆ ಸಿರಸಂಗಿಗೆ ಹೊರಟರು. ಅಲ್ಲಿರುವ ಅಕ್ಕ ರಾಚವ್ವನ ಹೊಟ್ಟೆಯ ಗಡ್ಡೆ ವಾಸಿಯಾಗುವಂಥದ್ದಲ್ಲ ಎಂದು ಬೆಳಗಾವಿಯ ಡಾಕ್ಟರರು ತಿಳಿಸಿದ್ದು ಇವರೊಬ್ಬರಿಗೇ. ಔಷಧದಿಂದ ಒಂದಿಷ್ಟು ಕಾಲ ತಳ್ಳಬಹುದು, ಆದರೆ ಬಲು ಸಂಕಟದ ಔಷಧ. ಬೇಕೋ ಬೇಡವೋ ಸೋಮವಾರದೊಳಗೆ ಆಕೆಯೇ ಹೇಳಬೇಕು. "ನೀವ ತಿಳಿಸಿ ಹೇಳ್ರಿ, ನಿಮ್ಮ ಕೆಲಸಾನ ಅದಲ್ರೀ?" ಎಂದಿದ್ದರು ಡಾಕ್ಟರರು. ಕಲಿಸುವುದು ಕೆಲಸ, ಹೇಳುವುದಲ್ಲ. ಹಿಂದೆ ಎರಡು ಸಲ ಹೋದ ಸರ್, ಬದನೆಕಾಯಿಯ ರೇಟು ಮಾತಾಡಿ ತಿರುಗಿ ಬಂದಿದ್ದರು.

ರಾಚವ್ವ ಚಹಾ ತಂದಿಟ್ಟಳು. ಪಾಠ ನೆನಪಾಗಿ ಸರ್ ಸುಡುಸುಡುವುದನ್ನೇ ಗಟಗಟ ಕುಡಿದರು.

"ಚಾ ಹೆಂಗಾಗೇತೋ ಸಿದ್ದೂ?"

"ಭಾರಿ ಆಗೇತಿ ಯಕ್ಕಾ."

"ಮತ್ತ ಡಾಕ್ಟರ ಏನಂದ್ರು?"

"ಏನೂ ಆಗೂದಿಲ್ಲಂತ. ಆರಾಮ ಆಕ್ಕೈತಂತ."

ಸೊನ್ನೆ. ತಾವೇ ಕೊಟ್ಟುಕೊಂಡರು.

ರಾಚವ್ವ ಖಾಲಿ ಕಪ್ಪನ್ನು ನೋಡಿದಳು, ತಮ್ಮನನ್ನು ನೋಡಿದಳು.

"ಸಕ್ಕರೀನ ಹಾಕಿಲ್ಲೋ ಹುಚ್ಚಪ್ಪಾ. ಒಂದ್ ಚಮಚಾ ಕಮ್ಮಿ ಆದ್ರ ಮಾರಿ ಕಿವುಚಾಂವ ನೀ. ಬಂದಾಗೊಮ್ಮೆ ಬದನಿಕಾಯಿ ಪುರಾಣ ಹೇಳಿ ಹೋಗ್ತಿ. ಏನರ ಮುಚ್ಚಿಡಾಕತ್ತಿ ಏನ್ ನೋಡೂಣಂತ ಹಂಗ ಕೊಟ್ಟೆ."

ಸರ್ ಕಪ್ಪನ್ನು ಅತ್ತ ಸರಿಸಿದರು.

"ನಿನ್ನ ಹುಡುಗ್ಯಾರಿಗೆ ಹೆಂಗ ಕಲಸ್ತಿ, ಹಂಗ ಹೇಳು."

ಸರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಯಕ್ಕಾ, ಗಡ್ಡಿ ಹೋಗೂದಲ್ಲಂತ. ಔಷಧಾ ಐತಿ, ಭಾಳ ತ್ರಾಸಿಂದು. ಬೇಕೋ ಬ್ಯಾಡೋ ನೀನ ಹೇಳಬೇಕು."

ರಾಚವ್ವ ಸುಮ್ಮನಾದಳು. ಸುಮ್ಮನಾದವರ ಎದುರು ಸುಮ್ಮನೆ ಕೂಡಬೇಕೆಂಬುದೂ ಪಾಠದಲ್ಲಿತ್ತು. ಅದೊಂದನ್ನು ಸರ್ ಕಲಿಸಿದಂತೆಯೇ ಮಾಡಿದರು. ಕಣ್ಣೊರೆಸಿಕೊಳ್ಳಲು ಮಾತ್ರ ಸೆರಗಿರಲಿಲ್ಲ.