ಆರತಿ ಮುಗಿಯುವವರೆಗೆ ತಿರುಗಿದ ಪಂಪು

ಡೊಂಬಿವಲಿ ಪೂರ್ವದ ಆ ವಸತಿ ಸೊಸೈಟಿಯಲ್ಲಿ ಜಯಶೀಲನನ್ನು ಎಲ್ಲರೂ ‘ಪಂಪ್‌ವಾಲೆ ಕಾಕಾ’ ಎಂದೇ ಕರೆಯುತ್ತಿದ್ದರು. ಕೆಳಗಿನ ನೀರಿನ ಪಂಪು ಸದ್ದು ಸ್ವಲ್ಪ ಬದಲಿಸಿದರೂ ಸಾಕು, ಊಟದ ತಟ್ಟೆ ಬಿಟ್ಟು ಎದ್ದುಹೋಗುವ ಮನುಷ್ಯ. ಕಾಪು ಕಡೆಯಿಂದ ಬಂದು ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವರ ಮಗ. ಡಿಪ್ಲೊಮಾ ಮುಗಿಸಿ ನವಿಮುಂಬಯಿಯ ಸಣ್ಣ ಕಚೇರಿಯೊಂದಕ್ಕೆ ಸೇರಿದವನು, ಕೂದಲು ಬೆಳ್ಳಗಾದರೂ ಅಲ್ಲೇ ಕುಳಿತು ಕೆಮಿಕಲ್ ಕಾರ್ಖಾನೆಗಳಿಗೆ ಪಂಪು, ಪೈಪು, ವಾಲ್ವುಗಳ ನಕ್ಷೆ ಹಾಕುತ್ತಿದ್ದ.

“ಏನೇನು ಕೆಡಬಹುದು ಅಂತ ಯೋಚಿಸುವುದಕ್ಕೇ ನನಗೆ ಸಂಬಳ” ಎನ್ನುತ್ತಿದ್ದ.

“ಹೌದು, ಸಂಬಳ ಆಫೀಸಿನಲ್ಲಿ, ಯೋಚನೆ ಮಾತ್ರ ಮನೆಯಲ್ಲಿ” ಎಂದು ಹೆಂಡತಿ ವನಮಾಲಾ ಛೇಡಿಸುತ್ತಿದ್ದಳು.

ವಿಜಯದಶಮಿಯ ಮರುದಿನ ಬೆಳಿಗ್ಗೆ ದೋಸೆ ಹಾಕುತ್ತಿದ್ದವಳು ಫೋನನ್ನು ಅವನ ಮುಂದೆ ಹಿಡಿದಳು. “ಸುಜನ್‌ನ ಫ್ಯಾಕ್ಟರಿ ಪೂಜೆಯ ವಿಡಿಯೊ ಬಂದಿದೆ ನೋಡಿ. ನಿಮ್ಮ ಪಂಪಿಗೆ ಎಷ್ಟು ಚಂದ ಹಾರ ಹಾಕಿದ್ದಾರೆ ಮಾರಾಯ್ರೆ!”

ಸುಜನ್ ಅವರ ದೂರದ ಸಂಬಂಧಿ. ಅಪ್ಪನ ಹೋಟೆಲನ್ನು ತಮ್ಮನಿಗೆ ಬಿಟ್ಟು, ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಣ್ಣಕ್ಕೆ ಬೇಕಾಗುವ ರಾಳ ತಯಾರಿಸಲು ಹೊಸದಾಗಿ ಕಾರ್ಖಾನೆ ಹಾಕಿದ್ದ. ಅದರ ಪಂಪುಗಳ ವಿನ್ಯಾಸವೆಲ್ಲ ಜಯಶೀಲನದೇ. ಅತ್ತೆಗೆ ಹುಷಾರಿಲ್ಲವೆಂದು ಗಂಡಹೆಂಡಿರು ಠಾಣೆಗೆ ಹೋಗಿದ್ದರಿಂದ ಪೂಜೆಗೆ ಹೋಗಲಾಗಿರಲಿಲ್ಲ.

ವಿಡಿಯೊದಲ್ಲಿ ಗಂಟೆಯ ಸದ್ದು, ಕರ್ಪೂರದ ಹೊಗೆ, ಹಿಂದೆ ಗುಂಯ್ ಎಂದು ತಿರುಗುವ ಪಂಪು. ಜಯಶೀಲನ ಕೈ ದೋಸೆಯ ಮೇಲೆಯೇ ನಿಂತಿತು.

ಪಂಪು ತಿರುಗಿದ್ದಾದರೂ ಹೇಗೆ? ಅದಕ್ಕೆ ದ್ರವ ಬರುವ ಟ್ಯಾಂಕು ಖಾಲಿ ಇರಬೇಕಿತ್ತು. ದೀಪ, ಕರ್ಪೂರ ಹಚ್ಚುವ ಹೊತ್ತಿನಲ್ಲಿ ಬೆಂಕಿ ಹಿಡಿಯುವ ಸಾಲ್ವೆಂಟು ಒಳಗೆ ಬರಲೇಕೂಡದು, ಪೂಜೆಯೆಲ್ಲ ಮುಗಿದ ಮೇಲೇ ಟ್ಯಾಂಕರ್ ತರಿಸು ಎಂದು ಹಟ ಹಿಡಿದವನು ಅವನೇ. ಟ್ಯಾಂಕು ಖಾಲಿ ಇದ್ದರೆ ಮೋಟರು ಶುರುವಾಗದಂತೆ ತಡೆ ಇಟ್ಟವನೂ ಅವನೇ. ಆ ಪಂಪಿನ ಒಳಗಿನ ಬೇರಿಂಗಿಗೆ ಬೇರೆ ಎಣ್ಣೆಯಿಲ್ಲ; ಹರಿಯುವ ದ್ರವವೇ ಅದನ್ನು ತಂಪಾಗಿಡಬೇಕು. ಒಣಗಿ ತಿರುಗಿದರೆ ಕಾಯುತ್ತದೆ, ಸೀಳುತ್ತದೆ. ಸೀಳಿದ ಮೇಲೂ ಓಡಿಸಿದರೆ ಒಳಗಿನ ಚಕ್ರ ವಾಲಿ, ದ್ರವವನ್ನು ಹಿಡಿದಿಡುವ ತೆಳ್ಳಗಿನ ಗೋಡೆಯನ್ನು ಕೆರೆಯುತ್ತದೆ. ಆ ಗೋಡೆ ತೂತಾದರೆ ಸಾಲ್ವೆಂಟು ಹೊರಗೆ.

ಫೋನ್ ಮಾಡಿದರೆ ಸುಜನ್ ಎತ್ತಲಿಲ್ಲ. ಮತ್ತೆ ಮಾಡಿದ. ಅಂಗಿ ಹಾಕುತ್ತ ಮಾಡಿದ, ಮೆಟ್ಟಿಲಿಳಿಯುತ್ತ ಮಾಡಿದ. ರಿಕ್ಷಾದಲ್ಲಿ ಕುಳಿತೂ ಮಾಡಿದ. “ಕಾಕಾ, ಟೆನ್ಶನ್ ಘೇಊ ನಕಾ” ಎಂದು ರಿಕ್ಷಾದವನು ಸಮಾಧಾನ ಹೇಳಿದ. ಜಯಶೀಲನಿಗೆ ಅದು ಕೇಳಿಸಲೇ ಇಲ್ಲ.

ಕಾರ್ಖಾನೆಯ ಬಾಗಿಲಲ್ಲೇ ಎಲೆಕ್ಟ್ರಿಷಿಯನ್ ಅಂಬಾರಾಯ ಸಿಕ್ಕಿದ. ಕಲಬುರಗಿ ಕಡೆಯವನು.

“ಅಂಬಾರಾಯ, ನಿನ್ನೆ ಖಾಲಿ ಪಂಪು ಹೇಗೆ ತಿರುಗಿತು?”

“ನಿಮ್ಮ ತಡಿ ತಪ್ಪಿಸಿ ಒಂದು ವೈರ್ ಕೊಟ್ಟು ತಿರುಗಿಸಿದ್ವಿರೀ ಸಾಹೇಬ್ರ. ಮುಹೂರ್ತ ಮುಗೀಲಿಕ್ಕೆ ಬಂದಿತ್ತು, ಮೋಟರ್ ಚಾಲೂ ಆಗವಲ್ದು. ಭಟ್ಟರು ಲಗೂ ಲಗೂ ಅಂತ ಒಂದಽ ಸಮನ ಒದರಲಿಕತ್ತಿದ್ರು.”

“ಆ ವೈರು?”

“ಪೂಜಿ ಮುಗಿದಕೂಡ್ಲೆ ಕಿತ್ತೀನ್ರಿ, ದೇವರಾಣಿ.”

ಜಯಶೀಲನಿಗೆ ಅರ್ಧ ಉಸಿರು ಬಂತು. “ಎಷ್ಟು ಹೊತ್ತು ತಿರುಗಿತು?”

“ಆರತಿ ಮುಗಿಯೋತನಕ.”

“ಎಲ್ಲರೂ ಆರತಿ ತಗೊಳ್ಳೋವರೆಗೂ?”

“ನಡುವ ಬಂದ್ ಮಾಡಿದ್ರ ಅಪಶಕುನ ಆಗ್ತದಲ್ರೀ. ರಾತ್ರಿ ಟ್ಯಾಂಕರ್ ಬಂತು, ಮುಂಜಾನಿಂದ ಅದಽ ಪಂಪ್ ಓಡ್ಲಿಕತ್ತದ.”

“ಸರಿ, ಅದನ್ನು ನಿಲ್ಲಿಸಿ ಜೋಡಿ ಪಂಪು ಓಡಿಸೋಣ, ನಡಿ.” ಒಂದು ಕೆಟ್ಟರೆ ಇನ್ನೊಂದಿರಲಿ ಎಂದೇ ಅವನು ಎರಡು ಪಂಪು ಇಡಿಸಿದ್ದ.

ಅಂಬಾರಾಯ ತಲೆ ಕೆರೆದುಕೊಂಡ. “ಅದನ್ನೂ ತಿರುಗಿಸೇ ಆರತಿ ಮಾಡೀವ್ರಿ. ಒಂದಕ್ಕ ಮಾಡಿ ಇನ್ನೊಂದಕ್ಕ ಬಿಟ್ರ ಚಲೋ ಕಾಣ್ತದೇನ್ರೀ?”

ಒಳಗೆ ಸುಜನ್ ಪೇಢೆಯ ಡಬ್ಬಿ ಹಿಡಿದುಕೊಂಡೇ ಎದುರಾದ. “ಬನ್ನಿ ಜಯಶೀಲಣ್ಣ! ಸದ್ದು ಕೇಳಿ, ಬೆಣ್ಣೆಯ ಹಾಗೆ ಓಡ್ತಾ ಉಂಟು.”

“ನಿಲ್ಲಿಸು ಸುಜನ್. ಬಿಚ್ಚಿ ನೋಡಬೇಕು.”

“ಎಂತ ಮಾತಾಡ್ತೀರಿ! ಮೊದಲನೇ ಬ್ಯಾಚು. ಶುರು ಮಾಡಿದ ಮರುದಿನವೇ ನಿಲ್ಲಿಸಿದರೆ ಅಮ್ಮ ನನ್ನನ್ನು ಮನೆಗೆ ಸೇರಿಸ್ತಾರಾ? ನಾಳೆ ನೋಡುವ.”

ಜಯಶೀಲ ಪಂಪಿನ ಹತ್ತಿರ ಹೋಗಿ ನಿಂತ. ಸದ್ದು ನಿಜಕ್ಕೂ ಚೆನ್ನಾಗಿಯೇ ಇತ್ತು. ಅದೇ ಅವನನ್ನು ಇನ್ನಷ್ಟು ಕಾಡಿತು. ತಾನು ಸುಮ್ಮನೆ ಹೆದರುತ್ತಿದ್ದೇನೆಯೇ? ನೆಂಟಸ್ತನದ ನಡುವೆ ಇದು ಸುಲಭದ ಮಾತಲ್ಲ. ಒಳಗೆ ಏನೂ ಆಗಿರದಿದ್ದರೆ ಮುಂದಿನ ಮದುವೆಮುಂಜಿಗಳಲ್ಲೆಲ್ಲ ತನ್ನ ಹೆಸರಿನಲ್ಲಿ ನಗೆಯಾಡುತ್ತಾರೆ. ಎದುರಿನ ಶೆಡ್ಡಿನಲ್ಲಿ ಹೆಂಗಸರು ಡಬ್ಬಗಳಿಗೆ ಲೇಬಲ್ ಅಂಟಿಸುತ್ತಿದ್ದರು. ಒಬ್ಬಳು ಏನೋ ಹೇಳಿದಳು, ಉಳಿದವರು ಜೋರಾಗಿ ನಕ್ಕರು.

ಅವನು ಕೆಂಪು ಗುಂಡಿ ಒತ್ತಿದ.

“ಜಯಶೀಲಣ್ಣ!”

“ಬೈಯುವುದಿದ್ದರೆ ಬಿಚ್ಚಿದ ಮೇಲೆ ಬೈ.”

ವಾಲ್ವುಗಳನ್ನು ಮುಚ್ಚಿ, ಕರೆಂಟು ತೆಗೆದು ಬೀಗ ಹಾಕಿ, ಒಳಗಿದ್ದುದನ್ನೆಲ್ಲ ಬಸಿದು ಬಿಚ್ಚುವವರೆಗೆ ಸುಜನ್‌ಗೆ ಒಂದೇ ಕೆಲಸ. ಪೇಢೆಯ ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು. ಕೊನೆಗೆ ಅಂಬಾರಾಯ ಬೇರಿಂಗನ್ನು ಎತ್ತಿಕೊಟ್ಟ. ಜಯಶೀಲ ಅದನ್ನು ಬೆಳಕಿಗೆ ಹಿಡಿದ. ಕೂದಲೆಳೆಯಂಥ ಸೀಳೊಂದು ಈ ತುದಿಯಿಂದ ಆ ತುದಿಗೆ ಓಡಿತ್ತು. ತೆಳ್ಳಗಿನ ಗೋಡೆಯ ಒಳಮೈಯಲ್ಲಿ ಉಂಗುರದಂತೆ ಹೊಸ ಗೀರು, ಉಗುರಿಗೆ ಸಿಗುವಷ್ಟು ಆಳ.

ಸುಜನ್ ಬೆರಳಿಟ್ಟು ನೋಡಿದ. ಹೊರಗಿನ ನಗು ಇನ್ನೂ ಕೇಳಿಸುತ್ತಿತ್ತು. “ಇನ್ನೂ ಓಡಿಸಿದ್ದರೆ...” ಎಂದವನು ಡಬ್ಬಿಯನ್ನು ಪಕ್ಕಕ್ಕಿಟ್ಟ. “ನೀವು ಬೈಬೇಡಿ, ಒಂದು ಕೇಳ್ತೇನೆ. ಮುಹೂರ್ತಕ್ಕೆ ಪಂಪು ತಿರುಗಿಸುವುದು ನಮ್ಮಲ್ಲಿ ಇದ್ದದ್ದೇ. ನಿಮಗೂ ಗೊತ್ತು. ಟ್ಯಾಂಕು ಖಾಲಿ ಇರಲಿ ಅಂದಿರಿ. ಮತ್ತೆ ತಿರುಗಿಸುವುದು ಹೇಗೆ ಅಂತ ಹೇಳಲೇ ಇಲ್ಲವಲ್ಲ?”

ನಕ್ಷೆ ಹಾಕುವಾಗ ಜಯಶೀಲ ಎಲ್ಲವನ್ನೂ ಲೆಕ್ಕ ಹಾಕಿದ್ದ. ಕರೆಂಟು ಹೋಗುವುದನ್ನು, ಪೈಪು ಕಟ್ಟಿಕೊಳ್ಳುವುದನ್ನು, ಕೆಲಸದವನು ತೂಕಡಿಸುವುದನ್ನು ಕೂಡ ಯೋಚಿಸಿದ್ದ. ದಿನವೂ ದೇವರಿಗೆ ದೀಪ ಹಚ್ಚಿಯೇ ಮನೆ ಬಿಡುವವನು, ಪೂಜೆಯನ್ನು ಮಾತ್ರ ನಕ್ಷೆಯ ಹೊರಗೇ ಇಟ್ಟಿದ್ದ. ಬರೀ ನೀರು ಸುತ್ತಿಸಲು ಒಂದು ಚಿಕ್ಕ ಪೈಪು ಕೊಟ್ಟಿದ್ದರೆ ಸಾಕಾಗುತ್ತಿತ್ತು.

“ಎರಡೂ ಪಂಪಿನ ಒಳಭಾಗ ಬದಲಿಸುವ” ಎಂದ. “ನೀರಿನ ಪೈಪು ನಾನು ಬರೆದು ಕೊಡ್ತೇನೆ. ಅಮ್ಮನ ಹತ್ತಿರ ನಾನೇ ಮಾತಾಡ್ತೇನೆ.”

ಗೇಟು ದಾಟುವ ಮೊದಲೇ ಅವನಿಗೆ ತಾನೇ ನಕ್ಷೆ ಹಾಕಿಕೊಟ್ಟ ಅಂಬರನಾಥದ ಕಾರ್ಖಾನೆ ನೆನಪಾಯಿತು. ಅದು ಅಕ್ಷಯ ತೃತೀಯಕ್ಕೆ ಶುರುವಾದದ್ದು. ಶಹಾಡಿನದು ಯುಗಾದಿ ಪಾಡ್ಯಕ್ಕೆ. ತಳೋಜದ್ದು ಯಾವಾಗ? ಎಲ್ಲ ಕಡೆಯೂ ಇದೇ ಬಗೆಯ ಪಂಪು, ಇದೇ ತಡೆ, ಇದೇ ಖಾಲಿ ಟ್ಯಾಂಕು. ಎಲ್ಲ ಕಡೆಯಿಂದಲೂ ಪ್ರಸಾದ ಬಂದಿತ್ತು, ತಿಂದು ಕೈ ಮುಗಿದಿದ್ದ. ಬಿಸಿಲಿನಲ್ಲಿ ರಸ್ತೆಯ ಬದಿಗೇ ನಿಂತು ಫೋನು ತೆಗೆದ.

“ಹಲೋ, ನಾನು ಜಯಶೀಲ. ಹಾಂ, ದಸರಾ ಶುಭಾಶಯ. ಒಂದು ವಿಷಯ ಕೇಳಬೇಕಿತ್ತು. ನಿಮ್ಮಲ್ಲಿ ಪೂಜೆಯ ದಿನ ಪಂಪು ತಿರುಗಿಸಿದಿರಲ್ಲ, ಆಗ ಒಳಗೆ ಏನಿತ್ತು?”