ಕಂಡಕ್ಟರ್ ನಿಕನೋರ್‌ನ ಹೊಸ ಕೂಗು

ಕೆವೇದೊದಿಂದ ಸಾಂತೊ ದೊಮಿಂಗೊಗೆ ಹೋಗುವ ರಸ್ತೆಯಲ್ಲಿ ಹತ್ತೊಂಬತ್ತು ವರ್ಷದಿಂದ ಒಂದೇ ಗಂಟಲು ಕೂಗುತ್ತಿತ್ತು. ಒಂದು ಕೈಯಲ್ಲಿ ಬಾಗಿಲಿಗೆ ಜೋತುಬಿದ್ದು, ಇನ್ನೊಂದು ಕೈಯಲ್ಲಿ ಬಸ್ಸಿನ ತಗಡಿಗೆ ಬಡಿಯುತ್ತ, "ಕೊಲೊರಾದೊಸ್, ಕೊಲೊರಾದೊಸ್! ಹತ್ತಿ ಹತ್ತಿ, ಜಾಗ ಇದೆ!" ಎಂದು. ಜಾಗ ಇರುತ್ತಿರಲಿಲ್ಲ, ಅದು ಬೇರೆ ಮಾತು. ಊರಿನ ಪೂರ್ತಿ ಹೆಸರು ಸಾಂತೊ ದೊಮಿಂಗೊ ದೆ ಲೊಸ್ ಕೊಲೊರಾದೊಸ್. ಕೆಂಪು ಬಳಿದುಕೊಂಡವರ ಸಾಂತೊ ದೊಮಿಂಗೊ. ಅಷ್ಟುದ್ದ ಕೂಗಿ ಮುಗಿಸುವಷ್ಟರಲ್ಲಿ ಹಿಂದಿನ ಬಸ್ಸಿನವನು ಜನರನ್ನು ಎತ್ತಿಕೊಂಡು ಹೋಗಿರುತ್ತಾನೆ. ಹಾಗಾಗಿ ನಿಕನೋರ್ ಬಾಲವನ್ನಷ್ಟೇ ಕೂಗುತ್ತಿದ್ದ.

ಕೆಂಪು ಬಳಿದುಕೊಂಡವರು ಎಂದರೆ ನಮ್ಮ ಜನ. ಅಚಿಯೋಟೆ ಬೀಜದ ಕೆಂಪನ್ನು ತಲೆಗೂದಲಿಗೆ ದಪ್ಪಗೆ ಮೆತ್ತಿ ಟೊಪ್ಪಿಗೆಯ ಹಾಗೆ ಕೂರಿಸಿಕೊಳ್ಳುವವರು. ಕೊಲೊರಾದೊ ಎಂಬುದು ಪೇಟೆಯವರು ಇಟ್ಟ ಹೆಸರು. ನಾವು ನಮ್ಮನ್ನು ತ್ಸಾಚಿಲ ಎಂದುಕೊಳ್ಳುತ್ತೇವೆ. ಆ ಮೊದಲಕ್ಷರ ಇದೆಯಲ್ಲ, ಪೇಟೆಯ ನಾಲಿಗೆಗೆ ಅದು ಸುತಾರಾಂ ಹೊರಳದು. ಸಾಚಿಲ ಎನ್ನುತ್ತಾರೆ, ಚಾಚಿಲ ಎನ್ನುತ್ತಾರೆ. ತೊದಲು ಮಾತಿನಿಂದಲೇ ಆ ಭಾಷೆ ಆಡಿದವರಿಗೆ ಮಾತ್ರ ಅದು ಸಲೀಸು.

ನಿಕನೋರ್‌ಗೆ ಸಲೀಸಾಗಿತ್ತು. ಬಸ್ಸಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಹನ್ನೊಂದು ವರ್ಷದವರೆಗೆ ಅವನ ತಲೆಯೂ ಕೆಂಪಗಿತ್ತು. ಅಪ್ಪ ಗುಮರ್ಸಿಂದೊ ಅಗ್ವಾವಿಲ್, ಬೇರು ಸೊಪ್ಪು ಕೊಡುವ ವೈದ್ಯ. ತಾಯಿ ಕರಾವಳಿಯಿಂದ ಬಂದ ಸೆದೇನ್ಯೊ ಮನೆತನದವಳು, ಹೊರಗಿನವಳು. ಒಂದು ದಿನ ಜಗಳವಾಡಿ ಮಗನನ್ನು ಕರೆದುಕೊಂಡು ಪೇಟೆಗೆ ಬಂದುಬಿಟ್ಟಳು. ಹಿತ್ತಲಿನಲ್ಲಿ ಕೂರಿಸಿ, ಬಟ್ಟೆ ಸೋಪು ಹಾಕಿ ಮೂರು ದಿನ ಅವನ ತಲೆ ತಿಕ್ಕಿದಳು. ಕಣ್ಣಿಗೆ ನೊರೆ ಹೋಗಿ ಹುಡುಗ ಚೀರಿದರೂ ಬಿಡಲಿಲ್ಲ. ಆದರೂ ಕಿವಿಯ ಹಿಂದೆ ಒಂದು ಗೆರೆ ಉಳಿದುಬಿಟ್ಟಿತ್ತು. ಶಾಲೆಯ ಹುಡುಗರಿಗೆ ಅಷ್ಟು ಸಾಕಾಯಿತು. "ಏ ಕೊಲೊರಾದೊ, ನಿಮ್ಮಪ್ಪ ಎಲ್ಲೋ? ಮರದ ಮೇಲಾ?" ತಾಯಿ ಶಾಲೆ ಬದಲಾಯಿಸಿದಳು, ಬೀದಿ ಬದಲಾಯಿಸಿದಳು, ತನ್ನ ಮನೆತನದ ಹೆಸರನ್ನೇ ಅವನಿಗೆ ಹಚ್ಚಿದಳು. ಅಂದಿನಿಂದ ಅವನ ಬಾಯಿಗೆ ಬೀಗ.

ಯೊಲಾಂದಳನ್ನು ಮದುವೆಯಾಗುವಾಗಲೂ ಬೀಗ ತೆಗೆಯಲಿಲ್ಲ. "ಅಪ್ಪ ಸಮುದ್ರದಲ್ಲಿ ಮೀನು ಹಿಡಿಯೋಕೆ ಹೋಗಿ ತೀರ್ಕೊಂಡ್ರು" ಎಂದಿದ್ದ. ಅವಳು ಕಣ್ಣೀರು ಹಾಕಿದ್ದಳು, ಪಾಪ. ಅವಳ ಅಣ್ಣ ಅರ್ನುಲ್ಫೊ ಈ ಬಸ್ಸಿನ ಡ್ರೈವರ್. ನಿಕನೋರ್‌ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡವನೂ ಅವನೇ. ಅರ್ನುಲ್ಫೊ ಕೆಟ್ಟವನಲ್ಲ, ಆದರೆ ಬಾಯಿ ಹೊಲಸು. ಕೆಂಪುತಲೆ ಕಂಡರೆ ಒಂದು ಕುಹಕ ಆಡದೆ ಅವನಿಗೆ ತಿಂದ ಅನ್ನ ಅರಗದು. ಹಾಗಾಗಿ ಗುಟ್ಟು ಒಡೆದರೆ ಕೆಲಸವೂ ಹೋಯಿತು, ಮನೆಯೂ ಹೋಯಿತು ಎಂದು ನಿಕನೋರ್ ತೀರ್ಮಾನಿಸಿಕೊಂಡಿದ್ದ. ಶಾಲೆಯಲ್ಲಿ ಕಲ್ಲಿನ ಹಾಗೆ ಬಂದು ಬಡಿಯುತ್ತಿದ್ದ ಶಬ್ದವನ್ನೇ ಹೊಟ್ಟೆಪಾಡಿಗಾಗಿ ದಿನವಿಡೀ ಕೂಗಿದ. ಕೂಗಿ ಕೂಗಿ ಅದು ಸವೆದುಹೋಗಿತ್ತು.

ಒಂದು ಜಾಗದಲ್ಲಿ ಮಾತ್ರ ಸವೆದಿರಲಿಲ್ಲ. ಸಾಂತೊ ದೊಮಿಂಗೊಗೆ ಹನ್ನೆರಡು ಕಿಲೋಮೀಟರ್ ಇರುವಾಗ ರಸ್ತೆಯ ಪಕ್ಕ ಒಂದು ಹಲಗೆ ಬರುತ್ತದೆ: "ಕೊಲೊರಾದೊ ವೈದ್ಯ." ಅದರ ಹಿಂದೆ ಬಾಳೆ ಗಿಡ, ತಗಡಿನ ಮಾಡು, ಜಗಲಿಯ ಮೇಲೆ ಒಬ್ಬ ಮುದುಕ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬಸ್ಸು ಅಲ್ಲಿ ಹಾಯುವಾಗ ನಿಕನೋರ್ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಳ್ಳುತ್ತಿದ್ದ. ಕೂಗು ನಿಲ್ಲಿಸಿದರೆ ಅರ್ನುಲ್ಫೊಗೆ ಅನುಮಾನ ಬರುತ್ತದಲ್ಲ, ಅದಕ್ಕೆ ಕೂಗುತ್ತಲೇ ದಾಟುತ್ತಿದ್ದ. ಮುದುಕನ ಕಣ್ಣಿಗೆ ಪೊರೆ ಬಂದಿದೆ, ಯಾರನ್ನೂ ಗುರುತಿಸುವುದಿಲ್ಲ ಎಂದು ಒಮ್ಮೆ ಯಾರೋ ಬಸ್ಸಿನಲ್ಲಿ ಮಾತಾಡಿಕೊಂಡರು. ಅದನ್ನು ಕೇಳಿ ಅವನಿಗೆ ಸಮಾಧಾನವಾಯಿತು. ಹೆತ್ತ ಅಪ್ಪನ ಕಣ್ಣು ಹೋಯಿತೆಂದು ಸಮಾಧಾನ! ಆ ದಿನ ಅವನಿಗೆ ಊಟ ಸೇರಲಿಲ್ಲ.

ಹೀಗಿರುವಾಗ ಸಾಂತೊ ದೊಮಿಂಗೊ ಹೊಸ ಪ್ರಾಂತ್ಯವಾಯಿತು, ಅದರ ಹೆಸರಿನ ಬಾಲದಲ್ಲಿ ಕೊಲೊರಾದೊಸ್ ಹೋಗಿ ತ್ಸಾಚಿಲಾಸ್ ಬಂತು. ಬಸ್ ಸಂಘದ ಕಾರ್ಯದರ್ಶಿ ಎಲ್ಲರನ್ನೂ ಸೇರಿಸಿ, "ಸೋಮವಾರದಿಂದ ಕೊಲೊರಾದೊಸ್ ಅಂತ ಕೂಗೋ ಹಾಗಿಲ್ಲ. ಅದು ಅವಮಾನದ ಮಾತು. ಸಾಚಿಲಾಸ್ ಅಂತ ಕೂಗಿ. ಹಳೇದು ಕೂಗಿದವರಿಗೆ ಒಂದು ವಾರ ಸಂಬಳ ಇಲ್ಲದ ರಜೆ" ಎಂದ.

"ನೂರು ವರ್ಷ ಆಗದೆ ಇದ್ದ ಅವಮಾನ ಈಗ ಆಯ್ತಂತೆ ನೋಡು" ಎಂದು ಅರ್ನುಲ್ಫೊ ಗೊಣಗಿದ. "ಕೆಂಪಗಿರೋನ್ನ ಕೆಂಪ ಅಂದ್ರೆ ಏನಯ್ಯಾ ತಪ್ಪು?"

"ನನಗೇನು ಗೊತ್ತು ಭಾವ."

"ಎಲ್ಲಿ, ಹೊಸದು ಕೂಗು ನೋಡೋಣ."

ನಿಕನೋರ್‌ನ ನಾಲಿಗೆ ತಾನಾಗಿಯೇ ಹಲ್ಲಿನ ಹಿಂದಕ್ಕೆ ಏರಿತು, ಮೂವತ್ತು ವರ್ಷದ ಹಿಂದೆ ಏರುತ್ತಿದ್ದ ಅದೇ ಜಾಗಕ್ಕೆ. ಸರಿಯಾಗಿ ಅಂದರೆ ಸಿಕ್ಕಿಬಿದ್ದ ಹಾಗೆಯೇ. "ಸಾ... ಸಾಚಿಲಾಸ್" ಎಂದ.

"ಭೇಷ್!" ಎಂದ ಅರ್ನುಲ್ಫೊ.

ಆ ಭಾನುವಾರ ಗಡ್ಡ ಹೆರೆಯುತ್ತ ಕನ್ನಡಿಯ ಮುಂದೆ ನಿಂತು ಅವನು ಅಭ್ಯಾಸ ಮಾಡಿದ. ಜನ ಸರಿಯಾಗಿ ಹೇಳಲು ಅಭ್ಯಾಸ ಮಾಡುತ್ತಾರೆ. ಇವನು ತನ್ನವರ ಹೆಸರನ್ನು ತಪ್ಪು ಹೇಳಲು ಅಭ್ಯಾಸ ಮಾಡಿದ. ಹಳೆಯ ಹೆಸರು ಅವನನ್ನು ಚುಚ್ಚುತ್ತಿತ್ತು, ನಿಜ. ಆದರೆ ಅದರ ಹಿಂದೆ ಅಡಗಿ ಕೂರಬಹುದಿತ್ತು. ಮರ್ಯಾದೆಯ ಹೆಸರು ಬಂದು ಅವನನ್ನು ಬಯಲಿಗೆ ಎಳೆದು ನಿಲ್ಲಿಸಿತ್ತು.

ಸೋಮವಾರ ಬೆಳಗಿನ ಟ್ರಿಪ್ಪು ಹೇಗೋ ಮುಗಿಯಿತು. ಸಾಚಿಲಾಸ್, ಸಾಚಿಲಾಸ್ ಎಂದು ತಪ್ಪು ತಪ್ಪಾಗಿ ಕೂಗುತ್ತ ಹನ್ನೆರಡನೇ ಕಿಲೋಮೀಟರನ್ನೂ ದಾಟಿದ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಹಲಗೆ ಕಂಡದ್ದೇ ತಡ, ಟೋಪಿ ಎಳೆದುಕೊಂಡ. ಜಗಲಿ ಖಾಲಿ. ಮುದುಕ ರಸ್ತೆಯ ಅಂಚಿನಲ್ಲಿ ನಿಂತು ಬಸ್ಸಿಗೆ ಕೈ ಅಡ್ಡ ಹಿಡಿದಿದ್ದ.

ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಅಡ್ಡ ಹಿಡಿಯದ ಕೈ ಅದು. "ಹೋಗ್ಲಿ ಭಾವ, ಜಾಗ ಇಲ್ಲ" ಎಂದು ನಿಕನೋರ್ ಕೂಗಿದ. ಅಷ್ಟರಲ್ಲಿ ಅರ್ನುಲ್ಫೊ ಬ್ರೇಕ್ ಒತ್ತಿಯಾಗಿತ್ತು.

ಮುದುಕ ಕಂಬಿ ಹಿಡಿದು ಹತ್ತಿದ. ತಲೆ ಹೊಸದಾಗಿ ಬಳಿದು ಹಸಿಹಸಿಯಾಗಿತ್ತು. ಮುಂದಿನ ಸೀಟಿನ ಹುಡುಗಿಯೊಬ್ಬಳು ಎದ್ದು ಜಾಗ ಕೊಟ್ಟಳು. ಅವನು ಕೂತು ಇನ್ನೇನು ಒರಗಬೇಕು, ಅರ್ನುಲ್ಫೊ ಕನ್ನಡಿಯಲ್ಲಿ ನೋಡಿಬಿಟ್ಟ.

"ಏ ನಿಕಾ! ಸೀಟಿನ ಬಿಳೀ ಕವರು ನಿನ್ನೆ ಒಗೆಸಿದ್ದು ಕಣೋ! ಪೇಪರ್ ಹಾಕು ಆ ಕೊಲೊ..." ಎಂದವನು ತಡೆದು, ಇಡೀ ಬಸ್ಸಿಗೆ ಕೇಳುವಂತೆ ರಾಗ ಎಳೆದ. "ಆ ಸಾಚಿಲ ಯಜಮಾನ್ರ ತಲೆ ಹಿಂದೆ ಪೇಪರ್ ಹಾಕಪ್ಪಾ! ನೋಡಿದ್ರಾ, ಎಷ್ಟು ಮರ್ಯಾದೆಯಿಂದ ಅಂದೆ!"

ಬಸ್ಸಿನಲ್ಲಿ ನಗೆ ಎದ್ದಿತು. ಹಳೆಯ ಪತ್ರಿಕೆ ಎಂದಿನಂತೆ ಬಾಗಿಲ ಪಕ್ಕದ ಕಂಬಿಯಲ್ಲಿ ಸಿಕ್ಕಿಸಿತ್ತು. ಕೆಂಪುತಲೆಯವರು ಹತ್ತಿದಾಗೆಲ್ಲ ನಿಕನೋರ್ ಅದನ್ನು ಬಿಡಿಸಿ ಸೀಟಿಗೆ ಹಾಸಿದವನೇ. ಇವತ್ತು ಕೈಗೆ ತೆಗೆದುಕೊಂಡನೇ ವಿನಾ ಬಿಡಿಸಲಿಲ್ಲ.

"ಸಾಚಿಲ ಅಂದ್ರೆ ಯಾರಪ್ಪಾ?" ಎಂದು ಮುದುಕ ಡ್ರೈವರ್ ಕಡೆ ಮುಖ ತಿರುಗಿಸಿ ಕೇಳಿದ.

"ನೀವೇ ಕಣ್ರೀ! ಕೊಲೊರಾದೊ ಅಂದ್ರೆ ನಿಮಗೆ ಬೇಜಾರಂತಲ್ಲ?"

"ಕೆಲವರಿಗೆ ಬೇಜಾರು, ಕೆಲವರಿಗೆ ಇಲ್ಲ. ನನ್ನ ಹಲಗೆ ಮೇಲೆ ನಾನೇ ಬರೆಸಿದೀನಿ. ನನ್ನ ತಂಗಿ ಮೊಮ್ಮಗಳ ಮುಂದೆ ಅಂದು ನೋಡಿ, ಚಳಿ ಬಿಡಿಸ್ತಾಳೆ. ಅವಳದ್ದೂ ಸರೀನೇ. ಆದ್ರೆ ಸ್ವಾಮೀ, ತಲೆ ಹಿಂದೆ ಪೇಪರ್ ಹಾಕಿದ್ಮೇಲೆ ಯಾವ ಹೆಸರಿಂದ ಕರೆದ್ರೇನು?"

ನಗೆ ಅಲ್ಲಲ್ಲೇ ಕರಗಿತು. ಮುದುಕ ಪೊರೆಗಟ್ಟಿದ ಕಣ್ಣನ್ನು ಬಾಗಿಲ ಕಡೆ ಎತ್ತಿದ. "ಕಂಡಕ್ಟರೇ, ನಿಮ್ಮ ಗಂಟಲು ಚೆನ್ನಾಗಿದೆ. ನೀವು ಹೇಳಿ ನೋಡೋಣ ನಮ್ಮ ಹೆಸರು."

ಕನ್ನಡಿಯಲ್ಲಿ ಅರ್ನುಲ್ಫೊನ ಕಣ್ಣು. ಎದುರಿಗೆ ಅಪ್ಪನ ಕಣ್ಣು. ನಿಕನೋರ್‌ಗೆ ಯೊಲಾಂದ ನೆನಪಾದಳು, ಎಂದೂ ಆಗದ ಸಮುದ್ರದ ಸಾವಿಗೆ ಅವಳು ಅತ್ತದ್ದು ನೆನಪಾಯಿತು. ತಪ್ಪು ಹೇಳುವುದು ಸುಲಭವಿತ್ತು. ನಿನ್ನೆಯಿಡೀ ಅಭ್ಯಾಸ ಮಾಡಿದ್ದಾನೆ. ಬಾಯಿ ತೆರೆದ. ಸಾ ಎಂಬುದು ಹೊರಡಲೇ ಇಲ್ಲ.

"ತ್ಸಾಚಿಲ" ಎಂದ.

ಹಲ್ಲಿನ ಹಿಂದಿನಿಂದ ಸಿಡಿದ ಆ ಅಕ್ಷರ ಕೊನೆಯ ಸೀಟಿನವರೆಗೂ ಕೇಳಿಸಿತು. ಅವನು ಪತ್ರಿಕೆಯನ್ನು ಮುದುರಿ ಬಾಗಿಲಿನಿಂದ ಆಚೆ ಎಸೆದ. ಮೂವತ್ತು ವರ್ಷ ಆಡದ ಭಾಷೆಯಲ್ಲಿ, ಮಗುವಿನ ಮಾತಿನಂತೆ ತಡವರಿಸುತ್ತ, "ಒರಗಿ ಕೂತ್ಕೊ, ಅಪಾ" ಎಂದ.

ಬಸ್ಸು ಗಕ್ಕನೆ ನಿಂತಿತು.

"ನೀನೇ ಅಂತ ಗೊತ್ತು ಬಿಡು" ಎಂದ ಮುದುಕ, ಎಲ್ಲರಿಗೂ ತಿಳಿಯುವ ಪೇಟೆಯ ಮಾತಿನಲ್ಲೇ. "ನಿನ್ನ ಕೂಗು ಥೇಟ್ ನಮ್ಮಪ್ಪಂದು. ಹೊಳೆ ಆಚೆಯಿಂದ ಹೀಗೇ ಕೂಗ್ತಿದ್ದ. ದಿನಾ ಎರಡು ಸಲ ಕೊಲೊರಾದೊ, ಕೊಲೊರಾದೊ ಅಂತ ನನ್ನ ಮನೆ ಮುಂದೆ ಕೂಗ್ಕೊಂಡು ಹೋಗ್ತಿದ್ದೆ. ಮಗ ನನ್ನನ್ನ ಕರೀತಿದಾನೆ, ಇಳಿಯೋಕೆ ಅವನಿಗೆ ಪುರುಸೊತ್ತಿಲ್ಲ, ಅಂತ ಅಂದ್ಕೊಂಡಿದ್ದೆ. ಇವತ್ತು ಬೆಳಿಗ್ಗೆ ನೀನು ನನ್ನ ಕರೀಲಿಲ್ಲ. ಇನ್ಯಾರನ್ನೋ ಕರೆದೆ. ಏನಾಯ್ತೋ ಅಂತ ಭಯ ಆಯ್ತು, ಅದಕ್ಕೆ ಹತ್ತಿದೆ."

ನಿಕನೋರ್ ಬಾಗಿಲ ಕಂಬಿಗೆ ಹಣೆ ಒತ್ತಿ ಅತ್ತ. ನಲವತ್ತೊಂದು ವರ್ಷದ ಗಂಡಸು, ಪ್ರಯಾಣಿಕರ ಮುಂದೆ, ನಾಚಿಕೆ ಬಿಟ್ಟು ಅತ್ತ.

"ಇವರು ನಿಮ್ಮಪ್ಪಾನಾ?" ಅರ್ನುಲ್ಫೊ ಸೀಟಿನಿಂದ ಎದ್ದು ನಿಂತಿದ್ದ. "ಸಮುದ್ರದಲ್ಲಿ ಸತ್ತಿದ್ರಲ್ಲೋ?"

"ಸುಳ್ಳು ಹೇಳಿದ್ದೆ ಭಾವ."

"ಹದಿನೇಳು ವರ್ಷ! ಹದಿನೇಳು ವರ್ಷದಿಂದ ನನ್ನ ತಂಗಿ ಒಬ್ಬ ಕೊಲೊ..." ಮಾತು ಅಲ್ಲೇ ಸಿಕ್ಕಿಕೊಂಡಿತು. ಹಳೆಯದನ್ನು ಆಡಲಾಗಲಿಲ್ಲ, ಹೊಸದು ಬರುತ್ತಿರಲಿಲ್ಲ. ಹೊಡೆದೇ ಬಿಡುತ್ತಾನೆ ಎಂದು ಎಲ್ಲರೂ ಅಂದುಕೊಂಡರು.

"ಸ್ವಾಮೀ, ಮನೆ ಜಗಳ ಮನೇಲಿ ಆಡ್ಕೊಳ್ಳಿ!" ಎಂದು ಹಿಂದಿನಿಂದ ಹೆಂಗಸೊಬ್ಬಳು ಕೂಗಿದಳು. "ಮಗೂನ ಡಾಕ್ಟರಿಗೆ ತೋರಿಸ್ಬೇಕು, ಬಸ್ ಬಿಡಿ!"

ಅರ್ನುಲ್ಫೊ ಧೊಪ್ಪನೆ ಕೂತು ಗೇರ್ ಎಳೆದ. ಮುಂದಿನ ನಿಲ್ದಾಣದಲ್ಲಿ ನಿಕನೋರ್ ಕಣ್ಣೊರೆಸಿಕೊಂಡು, ಗಂಟಲು ಬಿಚ್ಚಿ "ತ್ಸಾಚಿಲಾಸ್, ತ್ಸಾಚಿಲಾಸ್!" ಎಂದು ಕೂಗಿದ. ನಿಂತಿದ್ದ ಜನ ಅದು ಯಾವ ಊರೆಂದೇ ತಿಳಿಯದೆ ಮುಖ ಮುಖ ನೋಡಿಕೊಂಡರು. ಮುದುಕ ಕಿಟಕಿಯಿಂದ ಕೆಂಪುತಲೆ ಹೊರಹಾಕಿ, "ಕೊಲೊರಾದೊಸ್ ಕಣ್ರಪ್ಪಾ, ಹತ್ತಿ ಹತ್ತಿ!" ಎಂದು ನಕ್ಕ. ಎಲ್ಲರೂ ಹತ್ತಿದರು.

ಸಾಂತೊ ದೊಮಿಂಗೊ ನಿಲ್ದಾಣದಲ್ಲಿ ಬಸ್ಸು ಖಾಲಿಯಾಗಿ, ಮುದುಕ ಎದ್ದು ಬಾಗಿಲ ಬಳಿ ನಿಂತ ಮೇಲೆ ಅರ್ನುಲ್ಫೊ ಮುಂದಿನ ಸೀಟಿನ ಕವರನ್ನು ನೋಡಿದ. ಅಂಗೈ ಅಗಲದ ಕೆಂಪು ಕಲೆ ಬಿದ್ದಿತ್ತು.

"ಇದನ್ನ ಯಾರು ಒಗೀತಾರೆ?"

"ನಾನೇ ಒಗೀತೀನಿ ಭಾವ. ಮೂರು ದಿನ ತಿಕ್ಕಿದ್ರೂ ಪೂರ್ತಿ ಹೋಗಲ್ಲ, ಮೊದಲೇ ಹೇಳಿರ್ತೀನಿ."

ಅರ್ನುಲ್ಫೊ ತನ್ನ ಫೋನನ್ನು ಅವನ ಕೈಗೆ ತುರುಕಿದ. "ಯೊಲಾಂದಂಗೆ ಈಗ್ಲೇ ಹೇಳು, ನನ್ನೆದುರಿಗೇ. ನಾಳೆ ನೀನು ಈ ಬಾಗಿಲಲ್ಲಿ ನಿಲ್ತೀಯೋ ಇಲ್ವೋ, ಅವಳು ಏನಂತಾಳೋ ಅದರ ಮೇಲೆ."

ನಿಕನೋರ್ ಹೇಳಿದ. ಸಮುದ್ರ ಸುಳ್ಳು ಎಂದ, ಸೋಪಿನ ಕಥೆ ಹೇಳಿದ, ಹನ್ನೆರಡನೇ ಕಿಲೋಮೀಟರಿನ ಹಲಗೆಯ ವಿಷಯ ಹೇಳಿದ. ಆ ಕಡೆ ಒಲೆಯ ಮೇಲೆ ಏನೋ ಕುದಿಯುವುದು ಕೇಳಿಸುತ್ತಿತ್ತು. ಅರ್ನುಲ್ಫೊ ಉಗುರು ಕಚ್ಚುತ್ತ ನಿಂತಿದ್ದ.

"ಹದಿನೇಳು ವರ್ಷ ನಾನು ಅವರ ಆತ್ಮಕ್ಕೆ ಅಂತ ವರ್ಷ ವರ್ಷ ಮೇಣದಬತ್ತಿ ಹಚ್ಚಿದೀನಿ" ಎಂದಳು ಕೊನೆಗೆ ಯೊಲಾಂದ. "ನಿಮ್ಮನ್ನ ಆಮೇಲೆ ವಿಚಾರಿಸ್ಕೋತೀನಿ, ಬಿಡಲ್ಲ. ಅವರು ಊಟ ಮಾಡಿದಾರಾ?"

"ಇಲ್ಲ."

"ಕರ್ಕೊಂಡ್ ಬನ್ನಿ." ಆಮೇಲೆ ದನಿ ಇಳಿಸಿ ಕೇಳಿದಳು: "ರೀ, ಅವರನ್ನ ಏನಂತ ಕರೀಲಿ? ಹಳೇದು ಅಂದ್ರೆ ಅವಮಾನ ಅಂತಾರೆ. ಹೊಸದು ನಂಗೆ ಬಾಯಿ ತಿರುಗಲ್ಲ."

ನಿಕನೋರ್ ಅಪ್ಪನ ಕಡೆ ನೋಡಿದ.

"ಮಾವ ಅಂತ ಕರಿ" ಎಂದ.