ಕೊಟೊನೂ ರೆಕಾರ್ಡಿನ ಜಗಳ

ಆತ ನನಗಿಂತ ಮೂವತ್ತು ವರ್ಷಕ್ಕಾದರೂ ದೊಡ್ಡವನು. ಕನ್ನಡದಲ್ಲಿ ಬರೆಯುವಾಗ ‘ಅವರು’ ಅನ್ನಬೇಕು. ಅನ್ನುವುದಿಲ್ಲ. ಸ್ವೀಡಿಷ್ ಭಾಷೆಯಲ್ಲಿ ಪ್ರಧಾನಿಗೂ ಪಕ್ಕದ ಮನೆಯ ಮಗುವಿಗೂ ಒಂದೇ ‘ದು’, ಅಂದರೆ ‘ನೀನು’. ಆ ಸವಲತ್ತನ್ನು ಇವನೊಬ್ಬನ ವಿಷಯದಲ್ಲಿ ನಾನು ಕನ್ನಡಕ್ಕೂ ತಂದುಕೊಂಡಿದ್ದೇನೆ.

ನಾನು ಬೆಂಗಳೂರಿನ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಫ್ರೆಂಚ್ ಕಲಿಸಿದವಳು. ಗಂಡನಿಗೆ ಲಿಂಡ್‌ಹೋಲ್ಮೆನ್‌ನಲ್ಲಿ ಕಾರಿನ ಸಾಫ್ಟ್‌ವೇರ್ ಕೆಲಸ ಸಿಕ್ಕಿತು. ಅವನ ಪರ್ಮಿಟ್ಟಿನ ಬಾಲಕ್ಕೆ ಕಟ್ಟಿದ ಇನ್ನೊಂದು ಪರ್ಮಿಟ್ಟಿನ ಮೇಲೆ ನಾನೂ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬಂದೆ. ನನ್ನ ಫ್ರೆಂಚ್ ಇಲ್ಲಿ ಯಾರಿಗೂ ಬೇಕಿರಲಿಲ್ಲ. ಸ್ವೀಡಿಷ್ ತರಗತಿಯವರು, ನಾಲಿಗೆ ತಿರುಗಲಿ ಎಂದು, ನದಿಯಾಚೆಯ ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಗೆ ನನ್ನನ್ನು ತರಬೇತಿಗೆ ಹಾಕಿದರು. ಸಂಬಳವಿಲ್ಲ. ಸತ್ತವರ ಮನೆಗಳಿಂದ ಬಂದ ಪಿಂಗಾಣಿ ಒರೆಸುವುದು, ಜೋಡಿ ತಪ್ಪಿದ ಲೋಟಗಳನ್ನು ಎಸೆಯುವುದು, ಪರದೆಗಳನ್ನು ಅಳೆದು ಮಡಚಿಡುವುದು, ಜನ ಹೆಚ್ಚಾದರೆ ಗಲ್ಲಾದಲ್ಲಿ ಕೂರುವುದು. ಸಿಟ್ಟು ಬರದಿದ್ದರೆ ಹೇಗೆ?

ಅಂಗಡಿಯ ರೆಕಾರ್ಡ್ ಮೂಲೆ ನಾನು ಮೊದಲು ಹೇಳಿದ ಆ ‘ದು’ವಿನವನದು. ನಿವೃತ್ತನಾದ ಮೇಲೂ ಪುಕ್ಕಟೆಯಾಗಿ ದುಡಿಯುತ್ತಾನೆಂದು ಎಲ್ಲರಿಗೂ ಅವನ ಮೇಲೆ ಗೌರವ. ಒಳ್ಳೆಯ ರೆಕಾರ್ಡುಗಳು ಕಪಾಟು ಮುಟ್ಟುವ ಮೊದಲೇ ಅವನ ಬ್ಯಾಗು ಸೇರುವುದನ್ನು ನಾನು ಮೊದಲ ವಾರದಲ್ಲೇ ಕಂಡೆ. ಒಂದು ದಿನ ಧೂಳು ಒರೆಸಲು ಆ ಕಡೆ ಹೋದಾಗ ನನ್ನ ಕೈ ನೋಡಿ, “ಮುಟ್ಟಬೇಡ ಪುಟ್ಟ ಗೆಳತಿ. ನಿಮ್ಮ ಅಡುಗೆಯ ಎಣ್ಣೆ ಬೆರಳಿನಿಂದ ಹೋಗೋದೇ ಇಲ್ಲ” ಎಂದ. ನಗುತ್ತಲೇ ಅಂದ. ಈ ದೇಶದಲ್ಲಿ ಯಾರೂ ಗಂಟಲೆತ್ತರಿಸಿ ಅವಮಾನ ಮಾಡುವುದಿಲ್ಲ. ಹಾಗಾಗಿ ತಿರುಗಿ ಬೈಯಲು ಜಾಗವೇ ಸಿಗುವುದಿಲ್ಲ.

ಪ್ರತಿ ಗುರುವಾರ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರಿದ್ದರು. ಎಪ್ಪತ್ತರ ಆಸುಪಾಸಿನ ಆಫ್ರಿಕನ್ ಹೆಂಗಸು, ಕಪ್ಪು ಕೋಟು, ಕೈಯಲ್ಲಿ ಉದ್ದ ಛತ್ರಿ. ಪಾತ್ರೆಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ತಳ ನೋಡುವರು. “ಹಿಡಿ ಅಲ್ಲಾಡ್ತಿದೆ. ಇದನ್ನ ಮಾರೋಕೆ ನಾಚಿಕೆ ಆಗಲ್ವಾ?” ಎಂದು ನನ್ನನ್ನೇ ಕೇಳುವರು, ನಾನೇ ಆ ಪಾತ್ರೆ ಮಾಡಿದವಳೇನೋ ಎಂಬಂತೆ. ನನಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಹಡಗಿನಲ್ಲಿ ದುಡಿದಿದ್ದ ಯಾವನೋ ಮುದುಕ ತೀರಿಕೊಂಡು, ಅವನ ಮನೆಯ ಸಾಮಾನೆಲ್ಲ ನಮ್ಮಲ್ಲಿಗೆ ಬಂತು. ಒಂದು ಪೆಟ್ಟಿಗೆ ತುಂಬ ರೆಕಾರ್ಡುಗಳು. ಅಂದು ಗುರುವಾರ, ರೆಕಾರ್ಡಿನವನು ಹಲ್ಲು ತೋರಿಸಲು ಹೋಗಿದ್ದ. ಪೆಟ್ಟಿಗೆಯನ್ನು ಬೇಕೆಂದೇ ನಾನು ಬಿಚ್ಚಿದೆ. ಲಾಗೋಸ್, ಅಕ್ರಾ, ಕೊಟೊನೂ ಎಂಬ ಪಶ್ಚಿಮ ಆಫ್ರಿಕದ ಊರುಗಳ ಹೆಸರುಗಳು. ಬೆಲ್‌ಬಾಟಂ ತೊಟ್ಟು ಸ್ಯಾಕ್ಸೊಫೋನ್ ಹಿಡಿದ ಗಂಡಸರು. ಕೆಲವು ಕವರುಗಳು ತೇವಕ್ಕೆ ಉಬ್ಬಿ ರಟ್ಟು ಪದರ ಪದರವಾಗಿ ಬಿಟ್ಟುಕೊಂಡಿದ್ದವು. ಕೊಟೊನೂವಿನ ಒಂದು ರೆಕಾರ್ಡಿನ ಮೇಲೆ ಫ್ರೆಂಚ್ ಬರಹವಿತ್ತು. ಅದನ್ನು ಓದಿದ ಖುಷಿಗೆ, ಎಣ್ಣೆ ಬೆರಳುಗಳಿಂದಲೇ ಎತ್ತಿ, ಪರೀಕ್ಷೆಗೆಂದು ಇಟ್ಟಿದ್ದ ಪ್ಲೇಯರಿನ ಮೇಲೆ ಹಾಕಿದೆ.

ಮೊದಲು ಬರೀ ಚರಚರ ಸದ್ದು. ಆಮೇಲೆ ಗಂಟೆಯಂಥ ಒಂದು ಕಬ್ಬಿಣದ ತಾಳ, ಅದರ ಕೆಳಗೆ ಬೇಸ್ ಗಿಟಾರು, ತುಸು ಶ್ರುತಿ ತಪ್ಪಿದ ಆರ್ಗನ್ನು. ಗಂಡಸೊಬ್ಬ ಹಾಡುತ್ತಾ ಹೋದ, ತುತ್ತೂರಿಗಳು ಅವನಿಗೆ ಅಡ್ಡ ಬಂದವು. ಅರ್ಧ ದಾರಿಯಲ್ಲಿ ಎಲ್ಲ ನಿಂತು ತಾಳವೊಂದೇ ಉಳಿದಾಗ ಹುಡುಗಿಯೊಬ್ಬಳ ದನಿ ಬಂತು. ಮುದ್ದಾದ ದನಿಯಲ್ಲ. ಯಾರನ್ನೋ ಬಾಗಿಲಾಚೆ ನಿಲ್ಲಿಸಿ ಬೈಯುವಂಥ ದನಿ. ಪರದೆ ಮಡಚುತ್ತಿದ್ದ ನನ್ನ ಕೈ ಅಲ್ಲೇ ನಿಂತುಬಿಟ್ಟಿತು.

“ತೆಗಿ ಅದನ್ನ! ಈಗಲೇ ತೆಗಿ!”

ಪಾತ್ರೆಗಳ ಸಾಲಿನಿಂದ ಆ ಹೆಂಗಸು ಛತ್ರಿ ಎತ್ತಿಕೊಂಡು ಬರುತ್ತಿದ್ದರು. ನಾನು ಮುಳ್ಳು ಎತ್ತಿದೆ. ಗಾಬರಿಯಲ್ಲಿ ನನ್ನ ಬಾಯಿಂದ ಫ್ರೆಂಚ್ ಹೊರಟಿತು: “ಏನಾಯ್ತು ಮೇಡಂ?”

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ಅದೇ ಭಾಷೆಯಲ್ಲಿ, “ಅದು ನಾನು. ಹದಿನೇಳು ವರ್ಷದ ಕತ್ತೆ” ಎಂದರು. ಏನೂ ಕೊಳ್ಳದೆ ಹೊರಟುಹೋದರು.

ಗಲ್ಲಾದಲ್ಲಿದ್ದ ಮ್ಯಾನೇಜರ್ ಕೇಳಿದ್ದಕ್ಕೆ ನಾನು ಆ ಮಾತಿನ ಅರ್ಥ ಹೇಳಿದೆ. ಅವಳು ಮರುದಿನ ಫೀಕಾ ಹೊತ್ತಿಗೆ, ಎಲ್ಲರೂ ಕಾಫಿಗೆ ಕೂತಿದ್ದಾಗ, ಇದನ್ನು ತಮಾಷೆಯ ಸುದ್ದಿಯಾಗಿ ಹೇಳಿದಳು. ರೆಕಾರ್ಡಿನವನ ಕಪ್ಪು ತಟ್ಟೆಗೆ ಬಡಿಯಿತು. ಆ ರೆಕಾರ್ಡಿಗಾಗಿ ಯುರೋಪಿನ ಸಂಗ್ರಾಹಕರು ವರ್ಷಗಟ್ಟಲೆ ಹುಡುಕುತ್ತಿದ್ದಾರೆ, ಅಚ್ಚು ಹಾಕಿದ್ದೇ ಕೆಲವು, ಉಳಿದವು ಗೋದಾಮಿನಲ್ಲಿ ನೀರಿಗೆ ಸಿಕ್ಕಿ ಹಾಳಾದವು, ಹಾಡಿದ ಹುಡುಗಿ ಯಾರೆಂದು ಯಾರಿಗೂ ಗೊತ್ತಿಲ್ಲ ಎಂದೆಲ್ಲ ಹೇಳಿದ. ತೊಳೆದು ತರುತ್ತೇನೆಂದು ರೆಕಾರ್ಡನ್ನು ಮನೆಗೆ ಒಯ್ದ. ಹೋಗುವಾಗ ನನ್ನ ಭುಜ ತಟ್ಟಿ, “ನಿನಗೆ ಫ್ರೆಂಚ್ ಬರುತ್ತಂತೆ! ಮೊದಲೇ ಹೇಳಬಾರದಾ?” ಎಂದ. ನನ್ನ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ ಅದು.

ಮುಂದಿನ ಗುರುವಾರ ಆ ಹೆಂಗಸು ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬಂದರು. ಅವನು ಕಾಫಿ, ಏಲಕ್ಕಿ ಬನ್ನು ಜೋಡಿಸಿಟ್ಟುಕೊಂಡು ಕಾದಿದ್ದ. ನನ್ನನ್ನು ನಡುವೆ ಕೂರಿಸಿದ. ಅವರಿಗೆ ಸ್ವೀಡಿಷ್ ಚೆನ್ನಾಗಿಯೇ ಬರುತ್ತಿತ್ತು, ಆದರೆ ಅವನೊಂದಿಗೆ ಆಡಲು ಒಪ್ಪಲಿಲ್ಲ. ಕೋಟು ಬಿಚ್ಚಲಿಲ್ಲ, ಬನ್ನು ಮುಟ್ಟಲಿಲ್ಲ.

“ಅಂಥ ಮಾಂತ್ರಿಕ ರೆಕಾರ್ಡಿಂಗ್ ಮಾಡುವಾಗ ಹೇಗನ್ನಿಸಿತು ಅಂತ ಕೇಳು.”

ಕೇಳಿದೆ. ನನ್ನ ಫ್ರೆಂಚನ್ನು ಒಂದು ಗಳಿಗೆ ಸಹಿಸಿಕೊಂಡು, “ಪಠ್ಯಪುಸ್ತಕದ ಥರ ಮಾತಾಡ್ತೀಯ ನೀನು” ಎಂದು ನನಗೆ ಮೊದಲು ಹೇಳಿದರು. ಆಮೇಲೆ, “ಕೋಣೆ ಸುಡುತ್ತಿತ್ತು, ಆರ್ಗನ್ ಬಾರಿಸುವವನ ಮೈ ನಾರುತ್ತಿತ್ತು ಅಂತ ಹೇಳು ಅವನಿಗೆ.”

ಹೇಳಿದೆ. ಅವನು ನಕ್ಕು, ಮತ್ತೆ ಕೇಳಿದ. ತುಣುಕು ತುಣುಕಾಗಿ, ಬೈಗುಳದ ನಡುವೆ ವಿಷಯ ಹೊರಬಂತು. ತಂಡದ ಯಜಮಾನ ಅವರನ್ನು ಇಗರ್ಜಿಯ ಹಾಡಿನವರ ನಡುವಿನಿಂದ ಕರೆದೊಯ್ದಿದ್ದ. ರೆಕಾರ್ಡಿನ ಮೇಲೆ ಹೆಸರು ಹಾಕಿಸುತ್ತೇನೆಂದಿದ್ದ. ರೆಕಾರ್ಡ್ ಬಂದಾಗ ಅವನ ಮುಖ, ಅವನ ಹೆಸರು. ಕೇಳಲು ಹೋದರೆ ತಂಡದವರೆಲ್ಲರ ಎದುರು ನಕ್ಕ. ಮಗಳು ಬಾರಿನಲ್ಲಿ ಹಾಡುವವಳೆಂದು ಆ ಹಾಡು ರೇಡಿಯೊದಲ್ಲಿ ಬಂದಾಗ ಅಪ್ಪನಿಗೆ ಗೊತ್ತಾಯಿತು. ಮನೆಯಿಂದ ಹೊರಗೆ ಹಾಕಿದ. ಆಮೇಲೆ ಮದುವೆ, ಸ್ವೀಡನ್, ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಜೀವಮಾನ.

“ಇಲ್ಲಿ ನಾನು ಹಾಡ್ತೀನಿ ಅಂತ ಒಬ್ಬರಿಗೂ ಗೊತ್ತಿಲ್ಲ. ನನ್ನ ಮಕ್ಕಳಿಗೂ ಗೊತ್ತಿಲ್ಲ. ಹಾಗೇ ಇರಲಿ.”

ಅವನು ಮುಂದಕ್ಕೆ ಬಾಗಿದ. “ಹೊಸದಾಗಿ ಹೊರತರಬೇಕು ಇದನ್ನ, ಅವಳ ಫೋಟೋ, ಕಥೆ ಎಲ್ಲ ಹಾಕಿ. ಈ ಸಂಗೀತ ಜಗತ್ತಿಗೆ ಸೇರಿದ್ದು ಅಂತ ಹೇಳು.”

“ನಮ್ಮಪ್ಪ ನನ್ನ ಬಟ್ಟೆ ಬೀದಿಗೆ ಎಸೆದಾಗ ಈ ಜಗತ್ತು ಎಲ್ಲಿ ಹೋಗಿತ್ತು ಅಂತ ಕೇಳು. ಆಮೇಲೆ, ಸತ್ತವರ ಮನೆ ಕೆದಕೋ ನರಿ ನೀನು ಅಂತಾನೂ ಹೇಳು.”

ನಾನು ಒಂದಕ್ಷರ ಬಿಡದೆ ಹೇಳಿದೆ. ನರಿಗೆ ಸ್ವೀಡಿಷ್ ಪದ ತಟ್ಟನೆ ಹೊಳೆಯಿತು. ಅಷ್ಟು ಸಲೀಸಾಗಿ ನಾನು ಆ ಭಾಷೆ ಆಡಿದ್ದು ಅದೇ ಮೊದಲು. ಅವನ ಮುಖ ಕೆಂಪಾಯಿತು.

“ನಿಜವಾಗಿ ಹಾಗಂದಳಾ, ಇಲ್ಲಾ ನೀನು ಸೇರಿಸ್ತಿದ್ದೀಯಾ?”

ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು, ಶುದ್ಧ ಗೋಥೆನ್‌ಬರ್ಗ್ ಸ್ವೀಡಿಷ್‌ನಲ್ಲಿ, “ಏನೂ ಸೇರಿಸಿಲ್ಲ” ಎಂದರು.

ಸ್ವಯಂಸೇವಕರು ತಮಗೆ ಬೇಕಾದ ವಸ್ತುವನ್ನು ಕೊಳ್ಳುವ ಮೊದಲು ಅದು ಒಂದು ದಿನವಾದರೂ ಕಪಾಟಿನಲ್ಲಿರಬೇಕು ಎಂಬುದು ಅಂಗಡಿಯ ನಿಯಮ. ಅವನ ವಿಷಯದಲ್ಲಿ ಅದನ್ನು ಯಾರೂ ನೋಡುತ್ತಿರಲಿಲ್ಲ. ನಾನು ಮ್ಯಾನೇಜರ್ ಬಳಿ ಹೋಗಿ, ಎಲ್ಲರ ಎದುರು, ಈ ನಿಯಮ ನನಗೆ ಸರಿಯಾಗಿ ಅರ್ಥವಾಗಿಲ್ಲ, ಬಿಡಿಸಿ ಹೇಳ್ತೀರಾ ಎಂದು ಕೇಳಿದೆ. ಭಾಷೆ ಬಾರದವಳ ಮುಖ ಮಾಡಿಕೊಂಡೆ. ಅವಳು ಬಿಡಿಸಿ ಹೇಳಬೇಕಾಯಿತು. ಹೇಳಿದ ಮೇಲೆ ಪಾಲಿಸಬೇಕಾಯಿತು. ರೆಕಾರ್ಡು ಅವನ ಮನೆಯಿಂದ ಕಪಾಟಿಗೆ ಬಂತು, ಅದೂ ಮತ್ತೊಂದು ಗುರುವಾರ.

ಆ ಹೆಂಗಸು ನೇರವಾಗಿ ಅಲ್ಲಿಗೆ ನಡೆದು ಅದನ್ನು ಎತ್ತಿಕೊಂಡು ನಾನು ಕೂತಿದ್ದ ಗಲ್ಲಾಕ್ಕೆ ಬಂದರು. ಅವನು ಹಿಂದೆಯೇ ಓಡಿಬಂದು ಕವರಿನ ಇನ್ನೊಂದು ತುದಿ ಹಿಡಿದ.

“ಇದು ಮಾರಾಟಕ್ಕಲ್ಲ!”

“ಕಪಾಟಿನಲ್ಲಿತ್ತು” ಎಂದೆ ನಾನು.

“ನೀನು ಬಾಯಿ ಮುಚ್ಚು.”

“ಬಿಡು!” ಎಂದು ಅವರು ಜಗ್ಗಿದರು. ತೇವ ತಿಂದ ರಟ್ಟು ಅಲ್ಲವೇ, ಮಧ್ಯಕ್ಕೆ ಹರಿಯಿತು. ಬೆಲ್‌ಬಾಟಂ ಯಜಮಾನನ ಕಾಲುಗಳು ಅವನ ಕೈಯಲ್ಲಿ ಉಳಿದವು, ರೆಕಾರ್ಡು ಇವರ ಎದೆಗೆ ಬಂತು. ನಾನು ಬಿಲ್ಲು ಹೊಡೆದೆ. “ಕೇಳೋಕೆ ಪ್ಲೇಯರ್ ಇದೆಯಾ ಮೇಡಂ?” ಎಂದು ಕೇಳಿದ್ದಕ್ಕೆ, “ನಿನಗ್ಯಾಕೆ?” ಎಂದು ಹೊರಟರು. ಥ್ಯಾಂಕ್ಸ್ ಇಲ್ಲ.

ವಾರದೊಳಗೆ ನನ್ನ ತರಬೇತಿ ಮುಗಿಯಿತು. ಇತರರೊಡನೆ ಹೊಂದಿಕೊಳ್ಳುವುದು ಕಷ್ಟ ಎಂದು ಮ್ಯಾನೇಜರ್ ತರಗತಿಗೆ ತಿಳಿಸಿದ್ದಳು. ಗಂಡನಿಗೆ ಹೇಳಿದೆ.

“ನಿಂಗ್ಯಾಕೆ ಬೇಕಿತ್ತು ಇದೆಲ್ಲಾ? ಸುಮ್ನೆ ಇದ್ದಿದ್ರೆ ರೆಫರೆನ್ಸ್ ಆದ್ರೂ ಸಿಗ್ತಿತ್ತು. ಇಲ್ಲಿ ರೆಫರೆನ್ಸ್ ಇಲ್ದೆ ಯಾರೂ ಜಾಬ್ ಕೊಡಲ್ಲ” ಎಂದ.

“ನೀನೊಂದ್ಸಲ ಹೋಗಿ ಅಲ್ಲಿ ಪರದೆ ಮಡಚು. ಆಮೇಲೆ ಮಾತಾಡೋಣ.”

ಒಂದು ವಾರ ಅವನೊಡನೆ ಊಟಕ್ಕೆ ಎಷ್ಟು ಬೇಕೋ ಅಷ್ಟೇ ಮಾತು.

ಬೇಸಿಗೆ ಬರುವಷ್ಟರಲ್ಲಿ ನನಗೆ ಒಂದು ಶಾಲೆಯಲ್ಲಿ ಬದಲಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಒಂದು ಸಂಜೆ ಗಂಡ ಆಫೀಸಿನಿಂದ ಬಂದವನೇ ಮೊಬೈಲ್ ಚಾಚಿದ. “ಇದೇನಾ ನಿನ್ನ ಹಾಡು? ಆಫೀಸಲ್ಲಿ ಒಬ್ಬ ಪ್ಲೇ ಮಾಡ್ತಿದ್ದ. ಇಡೀ ಟೀಮ್ ತಲೆ ಆಡಿಸ್ತಿತ್ತು.”

ಅದೇ ಕಬ್ಬಿಣದ ತಾಳ, ಅದೇ ದನಿ. ತೊಳೆಯಲು ಒಯ್ದ ದಿನವೇ ರೆಕಾರ್ಡಿನವನು ನಕಲು ಮಾಡಿಕೊಂಡಿದ್ದ. ಕೆಳಗೆ ಬರೆದಿತ್ತು: ಸ್ವೀಡನ್ನಿನಲ್ಲಿ ಪತ್ತೆಯಾದ ಪಶ್ಚಿಮ ಆಫ್ರಿಕದ ರತ್ನ, ಗಾಯಕಿ ಅಪರಿಚಿತೆ. ಪತ್ತೆ ಮಾಡಿದವನ ಹೆಸರು ಮಾತ್ರ ಪೂರ್ತಿ ಇತ್ತು. ಕೇಳಿದವರು ಸಾವಿರಾರು ಜನ ಹೃದಯದ ಗುರುತು ಒತ್ತಿದ್ದರು.

ಕೆಲವು ದಿನಗಳ ಮೇಲೆ ನದಿ ದಾಟುವ ದೋಣಿಯಲ್ಲಿ ಆ ಹೆಂಗಸು ಸಿಕ್ಕರು. ಲಿಂಡ್‌ಹೋಲ್ಮೆನ್‌ನಿಂದ ಆಚೆ ದಡಕ್ಕೆ ಕೆಲವೇ ನಿಮಿಷ, ಆದರೆ ಹತ್ತಿದ ಮೇಲೆ ಇಳಿಯುವಂತಿಲ್ಲ. ಸೈಕಲ್ಲುಗಳ ನಡುವೆ ಛತ್ರಿ ಊರಿಕೊಂಡು ನನ್ನ ಎದುರಿಗೇ ಬಂದು ನಿಂತರು.

“ರೆಕಾರ್ಡ್ ನನಗೆ ಮಾರಿದೆ. ಹಾಡು ಅವನಿಗೆ ಕೊಟ್ಟೆ.”

“ನಾನು ಕೊಡಲಿಲ್ಲ ಮೇಡಂ. ತೊಳೀತೀನಿ ಅಂತ ಮನೆಗೆ ಒಯ್ದಿದ್ದ. ಆಗ ಮಾಡ್ಕೊಂಡಿರಬೇಕು.”

“ಸುಳ್ಳಿ.”

ನಂಬಲಿಲ್ಲ. ಅವರ ಮೊಮ್ಮಗಳು ಅದಕ್ಕೆ ಕುಣಿದು ವಿಡಿಯೊ ಮಾಡಿಕೊಂಡು ಬಂದು ಅವರಿಗೇ ತೋರಿಸಿದ್ದಳಂತೆ. ಯಾರು ಹಾಡಿದ್ದೆಂದು ಅವಳಿಗೆ ಗೊತ್ತಿಲ್ಲ. ಅದನ್ನು ಹೇಳಿ, ನದಿಯ ಕಡೆ ತಿರುಗಿದರು.

“ನನ್ನ ಹೆಸರು ಹಾಕಿದಾನಾ?”

“ಇಲ್ಲ. ಅಪರಿಚಿತೆ ಅಂತ ಹಾಕಿದಾನೆ.”

ಅವರಿಗೆ ಸಮಾಧಾನವಾಗುತ್ತದೆಂದು ನಾನು ತಿಳಿದಿದ್ದೆ. ಛತ್ರಿಯನ್ನು ಡೆಕ್ಕಿನ ಮೇಲೆ ಕುಟ್ಟಿದರು. “ಅಪರಿಚಿತೆ! ಅವನ ಎದುರು ಕೂತು ಮಾತಾಡಿಲ್ವಾ ನಾನು? ನನ್ನ ಮುಖ ನೋಡಿಲ್ವಾ ಅವನು?”

“ನೀವೇ ಬೇಡ ಅಂದಿದ್ರಿ, ಮೇಡಂ.”

“ಹಾಡು ಹಾಕಬೇಡ ಅಂದೆ. ಹಾಡು ಹಾಕಿ ಹೆಸರು ಬಿಡು ಅಂತ ಯಾರು ಹೇಳಿದ್ರು ಅವನಿಗೆ? ಕೊಟೊನೂವಿನ ಆ ಇನ್ನೊಬ್ಬನೂ ಇದನ್ನೇ ಮಾಡಿದ್ದು!”

ಸೈಕಲ್ ಹಿಡಿದವರೆಲ್ಲ ಬೇರೆ ಕಡೆ ನೋಡತೊಡಗಿದರು. ಹೆಸರು ಹಾಕುವಂತೆ ನಾನು ಅವನಿಗೆ ಹೇಳಲೇ ಎಂದು ಕೇಳಿದೆ.

“ನೀನು ಹೇಳೋದು ಬೇಡ. ಅವನೇ ಬಂದು ಕೇಳಲಿ. ಫ್ರೆಂಚ್ ಕಲಿತು ಬಂದು ಕೇಳಲಿ.”

ದೋಣಿ ದಡಕ್ಕೆ ತಾಗಿತು. ಎಲ್ಲರನ್ನೂ ಸರಿಸಿಕೊಂಡು ಅವರು ಮೊದಲು ಇಳಿದರು.

ಆ ಮಾತನ್ನು ಅಕ್ಷರಶಃ ಸ್ವೀಡಿಷ್‌ಗೆ ಇಳಿಸಿ, ‘ನರಿ’ಯನ್ನೂ ಮತ್ತೊಮ್ಮೆ ಸೇರಿಸಿ, ನಾನು ಅವನಿಗೆ ಕಳಿಸಿದೆ. ಈ ಸಲ ಸೇರಿಸಿದ್ದು ನಿಜ. ಮರುದಿನ ಉತ್ತರ ಬಂತು: ಅಪರಿಚಿತೆ ಎಂದಿದ್ದರೇ ಚೆಂದ ಪುಟ್ಟ ಗೆಳತಿ, ಕೇಳುವವರಿಗೆ ಅದೇ ಆಕರ್ಷಣೆ.

ಅವರ ಹೆಸರು ನನಗೆ ಗೊತ್ತು. ಅಂದು ಬಿಲ್ಲು ಹೊಡೆಯುವಾಗ ಅವರ ಬ್ಯಾಂಕ್ ಕಾರ್ಡಿನ ಮೇಲೆ ನೋಡಿದ್ದೆ. ಹಾಡಿನ ಕೆಳಗೆ ಅದನ್ನು ಬರೆಯಲು ಎರಡು ಸಲ ಬೆರಳಿಟ್ಟು ತೆಗೆದಿದ್ದೇನೆ. ಬರೆದರೆ, ಆ ಯಜಮಾನ, ಈ ರೆಕಾರ್ಡಿನವನ ನಂತರ, ಅವರ ಹೆಸರಿನ ವಿಷಯವನ್ನು ಅವರನ್ನು ಕೇಳದೆ ತೀರ್ಮಾನಿಸಿದ ಮೂರನೆಯವಳು ನಾನಾಗುತ್ತೇನೆ. ದೋಣಿಯಲ್ಲಿ ಈಗಲೂ ಆಗಾಗ ಕಾಣುತ್ತಾರೆ. ನಾನು ಫ್ರೆಂಚಿನಲ್ಲಿ ನಮಸ್ಕಾರ ಹೇಳುತ್ತೇನೆ. ಅವರು ನನ್ನ ಉಚ್ಚಾರಣೆಯನ್ನು ತಿದ್ದಿ, ಬೆನ್ನು ತಿರುಗಿಸಿ ನಿಲ್ಲುತ್ತಾರೆ.